ಪಾಲಿಸಿಯಲ್ಲಿ 180 ದಿನ, ಸರ್ವರ್‌ನಲ್ಲಿ ನಾಲ್ಕೇ ವಾರ

ಬೆಂಗಳೂರಿನ ಮಧ್ಯಮ ಗಾತ್ರದ ಕಂಪನಿಯೊಂದರ ಫೈಲ್ ಸರ್ವರ್‌ಗೆ ರ‍್ಯಾನ್ಸಮ್‌ವೇರ್ (ಫೈಲುಗಳನ್ನು ಲಾಕ್ ಮಾಡಿ ಹಣ ಕೇಳುವ ಕುತಂತ್ರಾಂಶ) ಬಿತ್ತು. ಕಂಪನಿಯ ಹೆಸರು ಬೇಡ. ಬ್ಯಾಕಪ್ ಇದ್ದದ್ದರಿಂದ ಫೈಲುಗಳು ವಾಪಸ್ ಬಂದವು, ಲಾಗ್ (ಯಾರು ಯಾವಾಗ ಏನು ಮಾಡಿದರೆಂದು ಯಂತ್ರ ಬರೆದಿಡುವ ದಾಖಲೆ) ಮಾತ್ರ ಸಿಗಲಿಲ್ಲ. ಹಳೆಯ ವೆಂಡರ್‌ನ ಮುಚ್ಚದೆ ಬಿಟ್ಟಿದ್ದ ವಿಪಿಎನ್ (ಹೊರಗಿನಿಂದ ಕಂಪನಿಯ ನೆಟ್‌ವರ್ಕ್ ಸೇರುವ ದಾರಿ) ಖಾತೆಯ ಮೇಲೆ ಅನುಮಾನ. ಆದರೆ ಯಾವಾಗ ನುಗ್ಗಿದರು, ಏನೇನು ಹೊತ್ತೊಯ್ದರು ಎಂದು ಹೇಳಲು ಒಂದು ಸಾಲಿನ ಪುರಾವೆಯೂ ಇರಲಿಲ್ಲ. ಆಡಿಟ್ ಶೀಟಿನಲ್ಲಿ ‘ಲಾಗ್ 180 ದಿನ ಇದೆ’ ಎಂಬುದರ ಮುಂದೆ ಟಿಕ್ ಬಿದ್ದಿತ್ತು!

180 ದಿನ ಎಂಬುದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ. ಅದನ್ನು ಪಾಲಿಸಿಗೆ ಇಳಿಸಿದವರು ಸರ್ವರ್ ಸೆಟ್ಟಿಂಗ್ ಮುಟ್ಟಿರಲಿಲ್ಲ. ಲಿನಕ್ಸ್‌ನಲ್ಲಿ ಹಳೆಯ ಲಾಗ್ ಫೈಲುಗಳನ್ನು ಎತ್ತಿಟ್ಟು ಅಳಿಸುವ ಲಾಗ್‌ರೊಟೇಟ್ ಸಾಮಾನ್ಯವಾಗಿ ‘ವೀಕ್ಲಿ, ರೊಟೇಟ್ 4’ (ವಾರಕ್ಕೊಂದು ಫೈಲು, ಒಟ್ಟು ನಾಲ್ಕು) ಎಂದೇ ಬರುತ್ತದೆ. ನಾಲ್ಕು ವಾರ ಕಳೆದದ್ದು ಅಳಿಸಿಹೋಗುತ್ತದೆ. ಲಾಗಿನ್ ಖಾತೆಗಳನ್ನು ನಿಭಾಯಿಸುವ ಮೈಕ್ರೋಸಾಫ್ಟ್ ಎಂಟ್ರಾದ ಉಚಿತ ಆವೃತ್ತಿಯಲ್ಲಿ ಸೈನ್-ಇನ್ ಲಾಗ್ 7 ದಿನ, ಪಿ1 ಲೈಸೆನ್ಸ್ ಇದ್ದರೆ 30 ದಿನ. ಅಮೆಜಾನ್ ಕ್ಲೌಡ್‌ನ (ಎಡಬ್ಲ್ಯೂಎಸ್) ಚಟುವಟಿಕೆ ದಾಖಲಿಸುವ ಕ್ಲೌಡ್‌ಟ್ರೇಲ್‌ನ ಈವೆಂಟ್ ಹಿಸ್ಟರಿ 90 ದಿನ. ಯಾವುದೂ ತಾನಾಗಿಯೇ 180 ಮುಟ್ಟುವುದಿಲ್ಲ.

ರೊಟೇಟ್ 26 ಮಾಡಿದರೆ 182 ದಿನ ಸಿಗುತ್ತದೆ, ಆದರೆ ಇಲ್ಲೊಂದು ಗುಂಡಿ ಇದೆ. ಆ ಸಂಖ್ಯೆ ಎಣಿಸುವುದು ಫೈಲುಗಳನ್ನು, ದಿನಗಳನ್ನಲ್ಲ. ಅದೇ ಕಾನ್ಫಿಗ್‌ನಲ್ಲಿ ‘ವೀಕ್ಲಿ’ ಆದ ಮೇಲೆ ‘ಸೈಜ್’ ಸಾಲು ಇದ್ದರೆ ವಾರದ ಲೆಕ್ಕ ಬಿದ್ದುಹೋಗಿ, ಲಾಗ್‌ರೊಟೇಟ್ ಓಡಿದಾಗೆಲ್ಲ ಫೈಲ್ ಆ ಗಾತ್ರ ದಾಟಿದ್ದರೆ ಹೊಸದು ಹುಟ್ಟುತ್ತದೆ. ಟ್ರಾಫಿಕ್ ಹೆಚ್ಚಿರುವ ಸರ್ವರ್‌ನಲ್ಲಿ ಅದನ್ನು ಗಂಟೆಗೊಮ್ಮೆ ಓಡಿಸುತ್ತಿದ್ದರೆ 26 ಫೈಲು ಎರಡೇ ದಿನಕ್ಕೆ ಮುಗಿಯಬಹುದು. ಪಾಲಿಸಿ ಓದಿ ಟಿಕ್ ಹಾಕುವ ಬದಲು, 170 ದಿನ ಹಿಂದಿನ ಒಂದು ಲಾಗಿನ್ ದಾಖಲೆ ತೆಗೆದು ತೋರಿಸಿ ಎಂದು ಅಡ್ಮಿನ್‌ಗೆ ಕೇಳಿ.

ಲಾಗಿನ ಪ್ರತಿ ಬೇರೆ ಯಂತ್ರಕ್ಕೆ ಹೋಗಲೇಬೇಕು, ಆ ಯಂತ್ರ ಡೊಮೇನ್ ಅಡ್ಮಿನ್ (ಕಂಪನಿಯ ಎಲ್ಲ ವಿಂಡೋಸ್ ಯಂತ್ರಗಳ ಮೇಲೂ ಅಧಿಕಾರವಿರುವ ಖಾತೆ) ಪಾಸ್‌ವರ್ಡಿಗೆ ತೆರೆಯಬಾರದು. ಒಳನುಗ್ಗಿದವರು ವಿಂಡೋಸ್ ಸೆಕ್ಯುರಿಟಿ ಲಾಗ್ ಅಳಿಸಿದರೆ ಈವೆಂಟ್ 1102 ದಾಖಲಾಗುತ್ತದೆ. ಅದಕ್ಕೆ ಅಲರ್ಟ್ ಇಡಿ. ಯಂತ್ರಗಳ ಗಡಿಯಾರಗಳನ್ನು ಎನ್‌ಐಸಿ (ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್) ಅಥವಾ ಎನ್‌ಪಿಎಲ್ (ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ) ಸಮಯಕ್ಕೆ ಹೊಂದಿಸಿ. ಫೈರ್‌ವಾಲ್ ಯುಟಿಸಿಯಲ್ಲಿ (ಅಂತರರಾಷ್ಟ್ರೀಯ ಸಮಯ), ಸರ್ವರ್ ಐಎಸ್‌ಟಿಯಲ್ಲಿ (ಭಾರತದ ಸಮಯ) ಬರೆದರೆ ಒಂದೇ ಘಟನೆ ಐದೂವರೆ ಗಂಟೆ ದೂರ ಕಾಣುತ್ತದೆ.

ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ವರದಿ ಹೋಗಬೇಕು. ತನಿಖೆ ಮುಗಿಯಲಿ ಎಂದು ಕಾಯಬೇಡಿ. ಗೊತ್ತಿದ್ದಷ್ಟು ಕಳಿಸಿ, ಉಳಿದದ್ದನ್ನು ಆಮೇಲೆ ಸೇರಿಸಬಹುದು. ಇಮೇಲೇ ಕೆಟ್ಟಿದ್ದರೆ ಫೋನ್ 1800-11-4949. ಈ ನಂಬರು ಗೋಡೆಯ ಮೇಲಿರಲಿ. ಲಾಕ್ ಆದ ಸರ್ವರ್‌ನೊಳಗಿನ ಪಿಡಿಎಫ್‌ನಲ್ಲಿದ್ದರೆ ಆ ಹೊತ್ತಿಗೆ ಯಾರ ಕೈಗೂ ಸಿಗದು.