2 ಮಿ.ಗ್ರಾಂ ನಿಕೋಟಿನ್ ಗಮ್: ಕಾಫಿ ಕುಡಿಯೋರ ಕಡೆಯಿಂದ ಒಂದು ತಕರಾರು

18 ವರ್ಷ ಸಿಗರೇಟು ಸೇದಿದವನು ನಾನು. ಬಿಡೋಕೆ ಹೊರಟಿದ್ದು ಡಾಕ್ಟರ ಮಾತಿಗಲ್ಲ. ಕಳೆದ ಕಾರ್ತಿಕದಲ್ಲಿ ಮುಳ್ಳಯ್ಯನಗಿರಿ ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ಏದುಸಿರು ಬಂದು ಕೂತುಬಿಟ್ಟೆ. 70 ದಾಟಿದ ಅಪ್ಪ ಮೇಲೆ ಹೋಗಿ, ಕಾಯಿ ಒಡೆಸಿ, ಇಳಿದು ಬಂದು ನನ್ನ ಕೈಗೆ ಒಂದು ಹೋಳು ಕೊಟ್ಟರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಮಾರನೇ ದಿನ ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಿ ಈ ಗಮ್ ತಗೊಂಡೆ. ಮೊದಲು ಬಬಲ್ ಗಮ್ ತರಹ ಜಗಿದು ಬಿಕ್ಕಳಿಕೆ, ಗಂಟಲುರಿ. ಹಾಗಲ್ಲ, ನಿಧಾನಕ್ಕೆ ಜಗಿದು, ನಾಲಿಗೆ ಚುರುಗುಟ್ಟಿದ ಕೂಡಲೇ ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಡಬೇಕು. ಚುರುಚುರು ಇಳಿದ ಮೇಲೆ ಮತ್ತೆ ಜಗಿಯೋದು, ಹೀಗೇ ಅರ್ಧ ಗಂಟೆ. ರುಚಿ? ಪುದೀನ ಸವರಿದ ಮೆಣಸಿನಕಾಳು.

ದೊಡ್ಡ ತೊಂದರೆ ಕಾಫಿಯದು. ಜಗಿಯೋದಕ್ಕೆ 15 ನಿಮಿಷ ಮುಂಚಿನಿಂದ ಕುಡಿಯುವಂತಿಲ್ಲ. ಕಾಫಿಯ ಹುಳಿ ಇದ್ದರೆ ಬಾಯಿ ನಿಕೋಟಿನ್ ಸರಿಯಾಗಿ ಹೀರಿಕೊಳ್ಳಲ್ಲ. ತೋಟದಲ್ಲಿ ಬೆಳೆದವನಿಗೆ, ಲೋಟ ಕಂಡರೆ ಸಾಕು ಬೆರಳು ಸಿಗರೇಟು ಹುಡುಕುವವನಿಗೆ, ಇದೆಂಥ ಕರಾರು ಮಾರಾಯ್ರೆ! ಈಗ ಕಾಫಿ ಮೊದಲು, ಗಮ್ ಆಮೇಲೆ, ಮಧ್ಯೆ ನಾಯಿ ಕರ್ಕೊಂಡು ಗೇಟಿನವರೆಗೆ ಒಂದು ಸುತ್ತು. ಹತ್ತನೇ ವಾರ ಇದು. ಸಿಗರೇಟು ಇಲ್ಲ, ದಿನಕ್ಕೆ ಹತ್ತಿದ್ದ ಗಮ್ಮೂ ಮೂರಕ್ಕೆ ಇಳಿದಿದೆ. ಐದಕ್ಕೆ ನಾಲ್ಕು ಸ್ಟಾರ್. ಒಂದು ಕಾಫಿ ಲೆಕ್ಕಕ್ಕೆ ಕಟ್.