ಬೆರಳಿಟ್ಟು ನೋಡುವ ಇಸಿಜಿ ಯಂತ್ರ: ಒಂದು ವರ್ಷ ಬಳಸಿದ ಮೇಲೆ

ನನಗೆ ಏಟ್ರಿಯಲ್ ಫಿಬ್ರಿಲೇಶನ್ ಇದೆ, ಅಂದರೆ ಹೃದಯದ ಬಡಿತ ತಾಳ ತಪ್ಪುವ ಕಾಯಿಲೆ. ಚಿಕ್ಕದಾಗಿ ಎಫಿಬ್ ಅಂತಾರೆ. ನನ್ನದು ಸದಾ ಇರುವುದಲ್ಲ, ಬಂದು ಹೋಗುವಂಥದ್ದು. ಅದೇ ದೊಡ್ಡ ಕಷ್ಟ. ರಾತ್ರಿ ಎರಡು ಗಂಟೆಗೆ ಎದೆ ತಾಳ ತಪ್ಪಿ ಡವಡವ ಹೊಡೆದುಕೊಳ್ಳುತ್ತಿತ್ತು, ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸುವ ಹೊತ್ತಿಗೆ ಎಲ್ಲ ಸರಿ ಇರುತ್ತಿತ್ತು. ಟೆನ್ಷನ್ ಮಾಡಿಕೊಳ್ಳಬೇಡಿ ಅಂತ ಸುಮ್ನೆ ವಾಪಸ್ ಕಳಿಸಿದ್ದೂ ಆಯಿತು. ಬೇಸತ್ತು ಅಂಗೈಯಗಲದ ಈ ಯಂತ್ರ ತಗೊಂಡೆ.

ಬಳಸುವುದು ಸುಲಭ. ಎರಡು ಲೋಹದ ಪಟ್ಟಿಗಳ ಮೇಲೆ ಎರಡೂ ಕೈಯ ಬೆರಳಿಟ್ಟು 30 ಸೆಕೆಂಡ್ ಅಲುಗಾಡದೆ ಕೂತರೆ ಸಾಕು, ಗೆರೆ ಫೋನಿನಲ್ಲಿ ಮೂಡುತ್ತದೆ. ಆಸ್ಪತ್ರೆಯದು 12 ಲೀಡ್, ಅಂದರೆ ಹೃದಯವನ್ನು 12 ಕೋನಗಳಿಂದ ನೋಡುತ್ತದೆ, ಇದು ಒಂದೇ ಲೀಡ್. ಆದರೂ ಎಫಿಬ್ ಗುರುತಿಸಲು ನೋಡಬೇಕಾದದ್ದು ಇದರಲ್ಲೇ ಕಾಣುತ್ತದೆ. ಬಡಿತಗಳ ನಡುವಿನ ಅಂತರ ಒಂದರಂತೆ ಒಂದಿರುವುದಿಲ್ಲ. ಪ್ರತಿ ದೊಡ್ಡ ಗೆರೆಗೂ ಮುಂಚೆ ಬರಬೇಕಾದ ಸಣ್ಣ ಪಿ ಅಲೆ ಕೂಡ ಇರುವುದಿಲ್ಲ, ಯಾಕಂದರೆ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡುವ ಬದಲು ಬರೀ ನಡುಗುತ್ತಿರುತ್ತವೆ. ಮೂರನೇ ತಿಂಗಳಲ್ಲಿ ಒಂದು ರಾತ್ರಿ ಹಿಡಿದ ಗೆರೆಯನ್ನು ಡಾಕ್ಟರಿಗೆ ತೋರಿಸಿದೆ. ಒಂದೇ ನಿಮಿಷ ನೋಡಿ ಹೌದು, ಎಫಿಬ್ಬೇ ಅಂದರು. ಅವತ್ತು ಭಯಕ್ಕಿಂತ ಸಮಾಧಾನವೇ ಜಾಸ್ತಿ ಆಯಿತು.

ತೊಂದರೆಗಳೂ ಇವೆ. ಕೈ ಒಣಗಿದ್ದರೆ ಗೆರೆ ಸಿಗುವುದಿಲ್ಲ, ಬೆರಳು ಸ್ವಲ್ಪ ಒದ್ದೆ ಮಾಡಿಕೊಳ್ಳಬೇಕು. ಫೋನ್ ಚಾರ್ಜಿಗೆ ಹಾಕಿಕೊಂಡೇ ತೆಗೆದರೆ ಗೆರೆಯೆಲ್ಲ ಗಲೀಜು. ಮೊಣಕೈ ಮೇಜಿನ ಮೇಲೆ ಊರಿದರೆ ನಡುಕ ಕಡಿಮೆ. ಬಡಿತ ತುಂಬಾ ವೇಗವಾಗಿದ್ದಾಗ, ಅಂದರೆ ಉತ್ತರ ಬೇಕೇ ಬೇಕು ಅನ್ನಿಸುವ ಹೊತ್ತಿಗೇ, ಏನೂ ತೀರ್ಮಾನ ಹೇಳದೆ ಕೈ ಚೆಲ್ಲುತ್ತದೆ. ನಡುನಡುವೆ ಒಂದೊಂದು ಹೆಚ್ಚುವರಿ ಬಡಿತ ಬಂದರೂ ಎಫಿಬ್ ಇರಬಹುದು ಅಂತ ಹೆದರಿಸುತ್ತದೆ. ಹಾಗಾಗಿ ಯಂತ್ರ ಬರೆಯುವ ಒಂದು ಸಾಲಿಗಿಂತ ಗೆರೆಯೇ ಮುಖ್ಯ, ಅದನ್ನು ಡಾಕ್ಟರೇ ನೋಡಬೇಕು. ಹೃದಯಾಘಾತ ಇದರಲ್ಲಿ ಗೊತ್ತಾಗುವುದಿಲ್ಲ. ಎದೆ ನೋವು ಬಂದರೆ ಬೆರಳಿಟ್ಟುಕೊಂಡು ಕೂರಬೇಡಿ, ಆಂಬುಲೆನ್ಸ್ ಕರೆಯಿರಿ. ಮುಖ ಒಂದು ಕಡೆ ಜೋತರೆ, ಒಂದು ಕೈ ಬಲ ಕಳೆದುಕೊಂಡರೆ, ಮಾತು ತೊದಲಿದರೆ ಕೂಡ ಅಷ್ಟೇ, ಅದು ಸ್ಟ್ರೋಕ್ ಇರಬಹುದು.

ಇನ್ನೊಂದು ಮಾತು, ಇದನ್ನು ಹೇಳಬೇಕು ಅಂತಲೇ ಬರೆಯಲು ಕೂತೆ. ಐದು ವಾರ ಸತತವಾಗಿ ನಾರ್ಮಲ್ ಅಂತ ಬಂದಾಗ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಇನ್ನೂ ಬೇಕಾ ಅಂತ ಕೇಳಿದೆ. ಬೇಕೇ ಬೇಕು ಅಂದರು ಡಾಕ್ಟರು. ಆ ಮಾತ್ರೆ ಕೊಡುವುದು ಎಷ್ಟು ಸಲ ಎದೆ ಹೊಡೆದುಕೊಂಡಿತು ಅನ್ನುವುದರ ಮೇಲಲ್ಲ. ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹಿಂದೆ ಸ್ಟ್ರೋಕ್ ಆಗಿತ್ತಾ, ಇವನ್ನೆಲ್ಲ ಲೆಕ್ಕ ಹಾಕಿ ಕೊಡುತ್ತಾರೆ. ಎಡಗಡೆ ಮೇಲಿನ ಕೋಣೆಗೆ ಅಂಟಿಕೊಂಡ ಪುಟ್ಟ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಸ್ಟ್ರೋಕ್. ಎಷ್ಟೋ ಸಲ ಎಫಿಬ್ ಬಂದು ಹೋದದ್ದು ನಮಗೆ ಗೊತ್ತೇ ಆಗುವುದಿಲ್ಲ, ಬೆರಳಿಡದ ಹೊತ್ತಿನಲ್ಲಿ ಏನಾಯಿತು ಅಂತ ಯಂತ್ರವೂ ಹೇಳಲಾರದು, ಅಲ್ವಾ? ನಾನು ತಗೊಳ್ಳುವ ಹೆಪ್ಪು ತಡೆಯುವ ಮಾತ್ರೆ ಎಪಿಕ್ಸಬಾನ್, ದಿನಕ್ಕೆ ಎರಡು ಸಲ. ಬಿಟ್ಟರೆ ಅದರ ರಕ್ಷಣೆ ಬೇಗ ಇಳಿದುಹೋಗುತ್ತದೆ. ನಾರ್ಮಲ್ ಅಂತ ಬರುವ ಹಸಿರು ಟಿಕ್ ನೋಡಿ ದಯವಿಟ್ಟು ಯಾರೂ ಮಾತ್ರೆ ಬಿಡಬೇಡಿ.

ಮೊದಲ ವಾರಗಳಲ್ಲಿ ದಿನಕ್ಕೆ ಇಪ್ಪತ್ತು ಸಲ ನೋಡುತ್ತಿದ್ದೆ. ನೋಡಿದಷ್ಟೂ ಗಾಬರಿ, ಗಾಬರಿಯಾದಷ್ಟೂ ಬಡಿತ ಜೋರು. ಈಗ ಬೆಳಿಗ್ಗೆ ಒಂದು ಸಲ, ಆಮೇಲೆ ಏನಾದರೂ ಅನ್ನಿಸಿದರೆ ಮಾತ್ರ. ಹೊರಗಿದ್ದಾಗ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ 60 ಸೆಕೆಂಡ್ ನಾಡಿ ಎಣಿಸುತ್ತೇನೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ತಾಳ ತಪ್ಪಿದ ನಾಡಿಗೆ ಆಗುವುದಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕೊಳ್ಳುವ ಮುಂಚೆ, ಹಳೆಯ ಗೆರೆಗಳನ್ನು ಪಿಡಿಎಫ್ ಮಾಡಿ ಕಳಿಸಲು ತಿಂಗಳ ಶುಲ್ಕ ಕೇಳುತ್ತಾರಾ ಅಂತ ವಿಚಾರಿಸಿ. ಪೇಸ್‌ಮೇಕರ್ ಇದ್ದವರು ಮೊದಲು ತಮ್ಮ ಡಾಕ್ಟರನ್ನೇ ಕೇಳಿ.