ಮೂರು ಮಿಲಿಮೀಟರ್ ಕಲಿಸಿದ ಪಾಠ: ಓಪನ್ ಇನ್‌ಟೇಕ್, ಕ್ಲೋಸ್ಡ್ ಬಾಕ್ಸ್, ಕಂಪನಿ ಡಬ್ಬಿ

ನಮ್ಮನೆ ಅಟ್ಟದ ಮೇಲೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಕೂತಿದೆ. ಒಳಗೆ ಫಳಫಳ ಹೊಳೆಯುವ ಅಲ್ಯೂಮಿನಿಯಂ ಪೈಪು, ಕೆಂಪು ಬಣ್ಣದ ಕೋನ್ ಫಿಲ್ಟರು, ನಾಲ್ಕು ಕ್ಲ್ಯಾಂಪು, ಒಂದು ಸ್ಟಿಕ್ಕರು. ಇಂಜಿನ್ನಿಗೆ ಗಾಳಿ ಹೋಗುವ ದಾರಿ, ಅಂದರೆ ಇನ್‌ಟೇಕ್, ಬದಲಿಸೋಕೆ ಅಂತ ಕಾರಿಗೆ ಹಾಕಿ, ಎರಡು ತಿಂಗಳು ಒದ್ದಾಡಿ, ಬಿಚ್ಚಿ ಇಟ್ಟ ಸಾಮಾನು ಅದು. ಈಗ ಕಾರಿನಲ್ಲಿರುವುದು ಕಂಪನಿಯದೇ ಕಪ್ಪು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಒಂದು ಒಳ್ಳೆಯ ಫಿಲ್ಟರು, ಇಸಿಯುನಲ್ಲಿ (ಇಂಜಿನ್ ನಡೆಸುವ ಕಂಪ್ಯೂಟರು) ನನ್ನ ಕಾರಿನ ಲಾಗ್, ಅಂದರೆ ಓಡಿದ ದಾಖಲೆ, ನೋಡಿ ಬರೆದ ಟ್ಯೂನು (ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಅಂತ ಹೇಳುವ ಫೈಲು). ಬಾನೆಟ್ ಎತ್ತಿದರೆ ತೋರಿಸಿಕೊಳ್ಳೋಕೆ ಏನೂ ಇಲ್ಲ. ಆದರೂ ನನಗೆ ಇದೇ ಇಷ್ಟ. ಯಾಕೆ ಅಂತ ಹೇಳುತ್ತೇನೆ.

ಕಾರು ಟೊಯೋಟಾ 86, ಎರಡು ಲೀಟರ್ ಬಾಕ್ಸರ್ ಇಂಜಿನ್ನಿನ ಹಳೆಯ ಮಾದರಿ. ಇಂಜಿನ್ನಿಗೆ ಗಾಳಿ ತುರುಕುವ ಟರ್ಬೋ ಇಲ್ಲ. ಪೂರ್ತಿ ಶಕ್ತಿ ಸಿಗುವುದು 7000 ಆರ್‌ಪಿಎಂ ಹತ್ತಿರ. ಈ ಕಾರು ಓಡಿಸಿದವರಿಗೆಲ್ಲ 3500ರಿಂದ 4500ರ ನಡುವಿನ ಗುಂಡಿ ಗೊತ್ತು. ಆಕ್ಸಿಲರೇಟರ್ ಒತ್ತಿರುತ್ತೀರಿ, ಕಾರು ಒಂದು ಕ್ಷಣ ಉಸಿರು ಬಿಟ್ಟಂತೆ ಆಗುತ್ತದೆ, ಆಮೇಲೆ ಮತ್ತೆ ಎಳೆಯುತ್ತದೆ. ಆ ಗುಂಡಿ ತುಂಬಬೇಕು ಅನ್ನುವುದೇ ನನ್ನ ಆಸೆ. ಶಕ್ತಿ ಎಷ್ಟು ಹೆಚ್ಚುತ್ತದೆ ಅನ್ನುವ ಹುಚ್ಚು ಇರಲಿಲ್ಲ. ಟರ್ಬೋ ಇಲ್ಲದ ಇಂಜಿನ್ನಿಗೆ ಇನ್‌ಟೇಕ್ ಬದಲಿಸಿದರೆ ಸಿಗುವುದು ನಾಲ್ಕೈದು ಕುದುರೆ ಅಷ್ಟೇ. ಟರ್ಬೋ ಕಾರಿನವರು ಟ್ಯೂನ್ ಹಾಕಿ ಬೂಸ್ಟ್, ಅಂದರೆ ಗಾಳಿಯ ಒತ್ತಡ, ಏರಿಸಿಕೊಂಡು ಹಾರಾಡುವ ಕಥೆ ಬೇರೆ, ಅದನ್ನು ಕೇಳಿ ನಾವು ಹೊಟ್ಟೆ ಉರಿದುಕೊಳ್ಳಬಾರದು.

ನಾನು ಓಡಿಸಿ ನೋಡಿದ್ದು ಮೂರು. ಒಂದು, ರೆಡಿ ಟ್ಯೂನ್ ಜೊತೆಗೆ ಬಂದ ಓಪನ್ ಫಿಲ್ಟರ್ ಕಿಟ್. ಎರಡು, ಫಿಲ್ಟರ್ ಸುತ್ತ ಮುಚ್ಚಿದ ಡಬ್ಬಿ ಇರುವ ಕ್ಲೋಸ್ಡ್ ಬಾಕ್ಸ್ ಕಿಟ್, ಇದು ಗೆಳೆಯನದು, ಮೂರು ವಾರ ಕಡ ತಂದಿದ್ದೆ. ಮೂರು, ಈಗಿರುವುದು.

ಓಪನ್ ಕಿಟ್ ಹಾಕುವುದು ಏನೂ ಕಷ್ಟ ಇಲ್ಲ. ಒಂದು ಸಂಜೆಯ ಕೆಲಸ. ಬ್ಯಾಟರಿ ಕನೆಕ್ಷನ್ ತೆಗೆಯಿರಿ, ಹಳೇ ಡಬ್ಬಿ ಬಿಚ್ಚಿ, ಒಳಗೆ ಹೋಗುವ ಗಾಳಿ ಅಳೆಯುವ ಮಾಫ್ ಸೆನ್ಸರನ್ನು ಎರಡು ಸ್ಕ್ರೂ ತೆಗೆದು ಹೊಸ ಪೈಪಿಗೆ ಕೂರಿಸಿ, ಬ್ರೀದರ್ ಹೋಸ್ ಸಿಕ್ಕಿಸಿ, ಕ್ಲ್ಯಾಂಪ್ ಬಿಗಿ ಮಾಡಿ. ಈ ಕಾರಿನಲ್ಲಿ ಇಂಜಿನ್ ಸದ್ದನ್ನು ಒಳಗೆ ತರೋಕೆ ಅಂತಲೇ ಒಂದು ಪೈಪು ಇರುತ್ತದೆ. ಅದನ್ನು ತೆಗೆದರೆ ಆ ತೂತಿಗೆ ರಬ್ಬರ್ ಮುಚ್ಚಳ ಹಾಕಲೇಬೇಕು. ಇಲ್ಲದಿದ್ದರೆ ಸೆನ್ಸರಿನ ಲೆಕ್ಕಕ್ಕೆ ಬಾರದ ಗಾಳಿ ಕಳ್ಳದಾರಿಯಲ್ಲಿ ಇಂಜಿನ್ನಿಗೆ ಹೋಗುತ್ತದೆ. ನಾನು ಮುಚ್ಚಳ ಹಾಕಿದೆ. ಇದನ್ನು ಬೇಕಂತಲೇ ಹೇಳುತ್ತಿದ್ದೇನೆ, ಯಾಕೆಂದರೆ ಮುಂದಿನ ಎರಡು ವಾರ ಎಲ್ಲರೂ ನನ್ನನ್ನು ಕೇಳಿದ್ದು ಇದೇ ಪ್ರಶ್ನೆ.

ಮೊದಲ ದಿನ ಸ್ವರ್ಗ. ಆಕ್ಸಿಲರೇಟರ್ ಒತ್ತಿದರೆ ಮುಂದಿನಿಂದ ಗುಡುಗಿದ ಹಾಗೆ ಸದ್ದು. ನಾಲ್ಕನೇ ದಿನ ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿ ನಿಲ್ಲಿಸಿದೆ, ಆರ್‌ಪಿಎಂ ಮುಳ್ಳು 700ರಿಂದ 500ಕ್ಕೆ ಇಳಿಯಿತು, 1100ಕ್ಕೆ ಏರಿತು, ಮತ್ತೆ ಇಳಿಯಿತು. ಮೂರನೇ ಸಲ ಇಂಜಿನ್ ಆಫ್. ಹಿಂದಿನವನು ಹಾರ್ನ್ ಒತ್ತಿದ. ಸ್ಪೋರ್ಟ್ಸ್ ಕಾರು ಸಿಗ್ನಲ್‌ನಲ್ಲಿ ಆಫ್ ಆದರೆ ಸಿಗುವ ಮರ್ಯಾದೆಯೇ ಬೇರೆ.

ಎಲ್ಲೋ ಗಾಳಿ ಸೋರುತ್ತಿದೆ ಅಂತ ನಾನೂ ಅಂದುಕೊಂಡೆ. ಎಲ್ಲ ಕ್ಲ್ಯಾಂಪ್ ಬಿಚ್ಚಿ ಮತ್ತೆ ಹಾಕಿದೆ. ಮಾಫ್ ಸೆನ್ಸರಿನ ಓ-ರಿಂಗ್ ತೆಗೆದು ಬೆಳಕಿಗೆ ಹಿಡಿದು ನೋಡಿದೆ, ಎಲ್ಲೂ ಕಚ್ಚಿರಲಿಲ್ಲ. ಫಿಲ್ಟರಿನ ಎಣ್ಣೆ ಸೆನ್ಸರಿನ ತಂತಿಗೆ ಅಂಟಿರಬಹುದು ಅಂದರು, ಮಾಫ್ ಕ್ಲೀನರ್ ಸ್ಪ್ರೇ ತಂದು ತೊಳೆದೆ. ಪೈಪಿನ ಜೋಡಣೆಗೆಲ್ಲ ಸೋಪಿನ ನೀರು ಹಚ್ಚಿ, ಒಳಗೆ ಸಣ್ಣಗೆ ಗಾಳಿ ಹಾಯಿಸಿ, ಗುಳ್ಳೆ ಬರುತ್ತದಾ ಅಂತ ಕೂತು ನೋಡಿದೆ. ಒಂದು ಗುಳ್ಳೆಯೂ ಬರಲಿಲ್ಲ. ಎರಡು ಭಾನುವಾರ ಹೀಗೇ ಹೋದವು.

ಉತ್ತರ ಮೊದಲ ದಿನದಿಂದಲೂ ನನ್ನ ಫೋನಿನಲ್ಲೇ ಇತ್ತು. ಕಾರಿನ ಕಂಪ್ಯೂಟರ್ ಓದೋಕೆ ಇರುವ ಒಬಿಡಿ ಪೋರ್ಟಿಗೆ ಸಿಕ್ಕಿಸುವ ಪುಟ್ಟ ರೀಡರ್ ಒಂದಿದೆ, ಅದರಲ್ಲಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ ಅಂತ ಒಂದು ಅಂಕಿ ಕಾಣುತ್ತದೆ. ತನ್ನ ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಜಾಸ್ತಿ ಅಥವಾ ಕಡಿಮೆ ಹಾಕಬೇಕಾಯಿತು ಅಂತ ಇಸಿಯು ಶೇಕಡಾ ಲೆಕ್ಕದಲ್ಲಿ ಬರೆದಿಟ್ಟುಕೊಳ್ಳುವ ಅಂಕಿ. ನನ್ನದು +9 ತೋರಿಸುತ್ತಿತ್ತು. ನಿಂತಾಗಲೂ ಸುಮಾರು 9, 60ರಲ್ಲಿ ಹೋಗುವಾಗಲೂ 9, ಏರು ಹತ್ತುವಾಗಲೂ ಅಷ್ಟೇ. ಗಾಳಿ ಸೋರಿಕೆ ಇದ್ದರೆ ಹೀಗೆ ಇರುವುದಿಲ್ಲ. ಇಂಜಿನ್ ಸುಮ್ನೆ ನಿಂತಿರುವಾಗ ಒಳಗೆ ಹೋಗುವ ಗಾಳಿಯೇ ಕಡಿಮೆ, ಹಾಗಾಗಿ ಸಣ್ಣ ಸೋರಿಕೆಯೂ ದೊಡ್ಡದಾಗಿ ಕಾಣುತ್ತದೆ. ವೇಗ ಹೆಚ್ಚಿದಂತೆ ಅದೇ ಸೋರಿಕೆ ಲೆಕ್ಕಕ್ಕೆ ಸಿಗದಷ್ಟು ಸಣ್ಣದಾಗುತ್ತದೆ. ಎಲ್ಲ ಕಡೆ ಒಂದೇ ಅಂಕಿ ಬಂದರೆ ಅಳೆಯುವ ಸೇರೇ ತಪ್ಪು ಅಂತ ಅರ್ಥ. ಇದು ಆಗ ಹೊಳೆದಿದ್ದರೆ ಸೋಪಿನ ನೀರು ಉಳಿಯುತ್ತಿತ್ತು.

ಮಾಫ್ ಸೆನ್ಸರ್ ಪೈಪಿನ ಒಳಗೆ ಹೋಗುವ ಗಾಳಿಯನ್ನು ಪೂರ್ತಿ ಅಳೆಯುವುದಿಲ್ಲ. ತನ್ನ ಮೂಗಿನ ಮುಂದೆ ಹಾದುಹೋಗುವಷ್ಟನ್ನು ಮಾತ್ರ ಅಳೆಯುತ್ತದೆ, ಉಳಿದದ್ದು ಪೈಪಿನ ಅಗಲದ ಮೇಲೆ ಹಾಕಿದ ಲೆಕ್ಕ. ಹಾಗಾಗಿ ಟ್ಯೂನ್ ಫೈಲಿನಲ್ಲಿ ಈ ಪೈಪಿಗೆ ಇಂತಿಷ್ಟು ಅಂತ ಒಂದು ಪಟ್ಟಿ ಇರುತ್ತದೆ. ಕೊನೆಗೆ ಅನುಮಾನ ಬಂದು ವರ್ನಿಯರ್ ತಂದು ಸೆನ್ಸರ್ ಕೂರುವ ಜಾಗದಲ್ಲಿ ಪೈಪಿನ ಒಳ ಅಳತೆ ತೆಗೆದೆ. 73 ಮಿಲಿಮೀಟರ್. ಫೈಲಿನ ಜೊತೆ ಬಂದ ಹಾಳೆಯಲ್ಲಿ 70 ಅಂತ ಇತ್ತು. ಮೂರು ಮಿಲಿಮೀಟರ್ ಏನು ಮಹಾ ಅನ್ನಿಸುತ್ತದೆ ಅಲ್ವಾ? ಆದರೆ ಪೈಪಿನ ಬಾಯಿ ಹಿಗ್ಗುವುದು ಅಳತೆಯ ವರ್ಗದ ಲೆಕ್ಕದಲ್ಲಿ. 73ನ್ನು 70ರಿಂದ ಭಾಗಿಸಿ ಅದನ್ನೇ ಅದರಿಂದ ಗುಣಿಸಿ, 1.088 ಬರುತ್ತದೆ. ಅಂದರೆ ಬಾಯಿ ಹತ್ತಿರ ಹತ್ತಿರ ಶೇ 9ರಷ್ಟು ದೊಡ್ಡದು. ನನ್ನ ಫೋನಿನಲ್ಲಿ ದಿನಾ ಕಾಣುತ್ತಿದ್ದ ಅದೇ 9.

ಕಿಟ್ ಮಾಡಿದವರಿಗೆ ವರ್ನಿಯರ್ ಸಮೇತ ಫೋಟೋ ಕಳಿಸಿದೆ. ಪೈಪಿನ ಅಳತೆ ಬದಲಾಗಿದೆ, ಹೊಸ ಫೈಲ್ ಇದೆ, ಇಳಿಸಿಕೊಳ್ಳಿ ಅಂತ ಎರಡು ಸಾಲಿನ ಉತ್ತರ ಬಂತು. ಪೆಟ್ಟಿಗೆಯಲ್ಲಿ ಒಂದು ಚೀಟಿ ಹಾಕಿದ್ದರೆ ಏನಾಗುತ್ತಿತ್ತೋ!

ಸಿಗ್ನಲ್‌ನಲ್ಲಿ ಆಫ್ ಆಗುವುದು ಮುಜುಗರ ಅಷ್ಟೇ, ನಿಜವಾಗಿ ಹೆದರಿಸಿದ್ದು ಬೇರೆ. ಸಾಮಾನ್ಯ ಓಡಾಟದಲ್ಲಿ ಇಸಿಯು ಎಕ್ಸಾಸ್ಟ್ ಸೆನ್ಸರ್ ನೋಡಿಕೊಂಡು ಕೊರತೆ ತುಂಬಿಸುತ್ತದೆ, ಚೆಕ್ ಇಂಜಿನ್ ದೀಪವೂ ಹತ್ತುವುದಿಲ್ಲ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಅದು ಮಾಫ್ ಹೇಳಿದ್ದನ್ನೇ ಹೆಚ್ಚಾಗಿ ನಂಬುತ್ತದೆ. ಗಾಳಿ ಕಡಿಮೆ ಇದೆ ಅಂದುಕೊಂಡು ಇಂಜಿನ್ ಮೇಲಿನ ಭಾರವೂ ಕಡಿಮೆ ಅಂತ ಲೆಕ್ಕ ಹಾಕುತ್ತದೆ, ಕಿಡಿಯನ್ನು ಬೇಗ ಹಾರಿಸುತ್ತದೆ. 12.5ರ ಕಂಪ್ರೆಷನ್ ಇರುವ, ಅಂದರೆ ಗಾಳಿಯನ್ನು ತುಂಬಾ ಒತ್ತುವ ಇಂಜಿನ್ ಇದು, ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಸಿಡಿಯುವುದು) ಶುರು. ಲಾಗ್ ತೆಗೆದು ನೋಡಿದರೆ ನಾಕ್ ಸೆನ್ಸರ್ ಕೂಗಿ, ಇಸಿಯು ಕಿಡಿಯ ಟೈಮಿಂಗನ್ನು ಮೂರು ನಾಲ್ಕು ಡಿಗ್ರಿ ಹಿಂದಕ್ಕೆ ಎಳೆದಿತ್ತು. ನಾಲ್ಕನೇ ಗೇರಿನಲ್ಲಿ 60ರಿಂದ 100ಕ್ಕೆ ಹೋಗೋಕೆ ಮೊದಲು 8.4 ಸೆಕೆಂಡ್ ಬೇಕಿತ್ತು, ಈ ಕಿಟ್ ಹಾಕಿದ ಮೇಲೆ 8.6. ದುಡ್ಡು ಕೊಟ್ಟು ಕಾರನ್ನು ನಿಧಾನ ಮಾಡಿಕೊಂಡೆ. ಸದ್ದು ಜೋರಾಗಿದ್ದರಿಂದ ನನಗೆ ಮಾತ್ರ ವೇಗ ಹೆಚ್ಚಾದ ಹಾಗೆ ಅನ್ನಿಸುತ್ತಿತ್ತು.

ಹೊಸ ಫೈಲ್ ಹಾಕಿದ ಮೇಲೆ ಟ್ರಿಮ್ 2ಕ್ಕೆ ಇಳಿಯಿತು, ಆಫ್ ಆಗುವುದು ನಿಂತಿತು. ಮುಳ್ಳು ಸ್ವಲ್ಪ ನಡುಗುವುದು ಮಾತ್ರ ಹೋಗಲಿಲ್ಲ. ಫಿಲ್ಟರು ಸೆನ್ಸರಿಗೆ ತೀರಾ ಹತ್ತಿರ, ಬಾಗಿದ ಪೈಪು, ಗಾಳಿ ಸುಳಿ ಸುತ್ತಿಕೊಂಡೇ ಬರುತ್ತದೆ.

ಆಮೇಲೆ ಬಿಸಿಯ ಕಾಟ. ಓಪನ್ ಫಿಲ್ಟರ್ ಬಾನೆಟ್ ಒಳಗಿನ ಗಾಳಿಯನ್ನೇ ಕುಡಿಯುತ್ತದೆ. ಹೊರಗೆ 30 ಡಿಗ್ರಿ ಇದ್ದ ದಿನ ಟ್ರಾಫಿಕ್‌ನಲ್ಲಿ ಹದಿನೈದು ನಿಮಿಷ ನಿಂತು ನೋಡಿದೆ, ಇನ್‌ಟೇಕ್ ಗಾಳಿ 62 ಡಿಗ್ರಿ. ಅಂಥದೇ ದಿನ ಕಂಪನಿ ಡಬ್ಬಿಯಲ್ಲಿ 41. ಗಾಳಿ 10 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಸುಮಾರು ಶೇ 3 ಇಳಿಯುತ್ತದೆ. ಅಲ್ಲಿಗೆ ಫಿಲ್ಟರ್ ಕೊಟ್ಟಿದ್ದನ್ನು ಬಿಸಿ ಕಿತ್ತುಕೊಂಡಿತು. ಕಾರು ಓಡುತ್ತಲೇ ಇದ್ದರೆ ಈ ವ್ಯತ್ಯಾಸ ಕಡಿಮೆಯಾಗುತ್ತದೆ, ಒಪ್ಪುತ್ತೇನೆ. ಆದರೆ ನನ್ನ ಕಾರು ದಿನಾ ಆಫೀಸಿಗೆ ಹೋಗುವ ಕಾರು.

ಗೆಳೆಯನ ಕ್ಲೋಸ್ಡ್ ಬಾಕ್ಸ್ ಬಗ್ಗೆ ದೂರು ಹುಡುಕಿದರೂ ಜಾಸ್ತಿ ಸಿಗಲಿಲ್ಲ. ಡಬ್ಬಿ ಗಟ್ಟಿ, ರಬ್ಬರ್ ಸೀಲ್ ಬಾನೆಟ್ಟಿಗೆ ಸರಿಯಾಗಿ ಕೂರುತ್ತದೆ. ಸೆನ್ಸರಿಗೆ ಮುಂಚೆ ಜೇನುಗೂಡಿನಂಥ ಜಾಲರಿ ಇದೆ, ಗಾಳಿ ನೆಟ್ಟಗೆ ಬರುತ್ತದೆ. ನಿಂತಾಗಿನ ಐಡ್ಲಿಂಗ್ ಕಲ್ಲಿನ ಹಾಗೆ ಸ್ಥಿರ. ಟ್ರಾಫಿಕ್‌ನಲ್ಲಿ 44 ಡಿಗ್ರಿ ದಾಟಲಿಲ್ಲ. ಅದಕ್ಕೆ ಹೊಂದುವ ಟ್ಯೂನ್ ಹಾಕಿ ನೋಡಿದಾಗ 60ರಿಂದ 100ಕ್ಕೆ 7.9 ಸೆಕೆಂಡ್, ಮೂರರಲ್ಲಿ ಇದೇ ಮೊದಲು. ಬೆಲೆ ಮಾತ್ರ ಓಪನ್ ಕಿಟ್‌ನ ಎರಡರಷ್ಟು. ವಾಪಸ್ ಕೊಡುವಾಗ ಸ್ವಲ್ಪ ಬೇಜಾರಾಯಿತು.

ಈಗಿರುವುದರಲ್ಲಿ 8.0. ಒಂದು ಸೆಕೆಂಡಿನ ಹತ್ತನೇ ಒಂದು ಪಾಲಿಗೆ ಅಷ್ಟು ದುಡ್ಡು ಕೊಡೋಕೆ ನನಗೆ ಮನಸ್ಸು ಬರಲಿಲ್ಲ. ಕಂಪನಿ ಡಬ್ಬಿ, ಕಂಪನಿ ಪೈಪು, ಸೆನ್ಸರ್ ಹುಟ್ಟಿದ ಜಾಗದಲ್ಲೇ ಇದೆ. ಬದಲಿಸಿದ್ದು ಒಳಗಿನ ಫಿಲ್ಟರ್ ಹಾಳೆ ಮಾತ್ರ, ಅದೂ ಎಣ್ಣೆ ಹಾಕದ ಒಣ ಫಿಲ್ಟರು. ಉಳಿದ ದುಡ್ಡೆಲ್ಲ ಟ್ಯೂನ್‌ಗೆ. ಟ್ಯೂನರ್ ಒಂದು ಫೈಲ್ ಕಳಿಸುತ್ತಾರೆ, ನಾನು ಮೂರನೇ ಗೇರಿನಲ್ಲಿ 2000ದಿಂದ 7000ದವರೆಗೆ ಎಳೆದು ಲಾಗ್ ಕಳಿಸುತ್ತೇನೆ, ಅವರು ತಿದ್ದುತ್ತಾರೆ. ಐದು ಸಲ ಹೀಗಾಯಿತು. ಗುಂಡಿ ಪೂರ್ತಿ ಹೋಗಿಲ್ಲ. ಪೂರ್ತಿ ಹೋಗಬೇಕಾದರೆ ಎಕ್ಸಾಸ್ಟ್ ಹೆಡರ್ (ಇಂಜಿನ್ನಿನಿಂದ ಹೊಗೆ ಹೊರಬರುವ ಮೊದಲ ಪೈಪು) ಬದಲಿಸಬೇಕು, ಅದು ಬೇರೆ ಖರ್ಚು. ಆದರೆ ಈಗ 4000ದಲ್ಲಿ ಗೇರ್ ಇಳಿಸದೆ ಓವರ್‌ಟೇಕ್ ಮಾಡಬಹುದು.

ಟ್ಯೂನ್ ಹಾಕುವವರಿಗೆ ಎರಡು ಮಾತು. ರೆಡಿ ಫೈಲ್‌ಗಳ ಹೆಸರಿನಲ್ಲಿ ಇರುವ ಆಕ್ಟೇನ್ ಅಂಕಿ (ಪೆಟ್ರೋಲ್ ನಾಕಿಂಗ್ ಎಷ್ಟು ತಡೆಯುತ್ತದೆ ಅನ್ನುವ ಅಳತೆ) ಯಾವ ದೇಶದ ಲೆಕ್ಕ ಅಂತ ನೋಡಿ. ಅಮೆರಿಕದ 93 ಅಂದರೆ ಬೇರೆ ಕಡೆಯ ಆರ್‌ಒಎನ್ ಲೆಕ್ಕದಲ್ಲಿ ಸುಮಾರು 98. ಬಂಕಿನಲ್ಲಿ 95 ಅಂತ ಬರೆದಿದೆ, 93ಕ್ಕಿಂತ ಜಾಸ್ತಿನೇ ಆಯ್ತಲ್ಲ ಅಂತ ಆ ಫೈಲ್ ಹಾಕಿದರೆ ಇಂಜಿನ್ ಕಟಕಟ ಅನ್ನೋಕೆ ಶುರು ಮಾಡುತ್ತದೆ. ನಾನು ಈ ತಪ್ಪಿಗೆ ಒಂದು ಕ್ಲಿಕ್ ದೂರದಲ್ಲಿದ್ದೆ. ಇನ್ನೊಂದು, ಫ್ಲ್ಯಾಶ್ ಮಾಡುವಾಗ, ಅಂದರೆ ಇಸಿಯುಗೆ ಫೈಲ್ ತುಂಬುವಾಗ, ಬ್ಯಾಟರಿಗೆ ಚಾರ್ಜರ್ ಹಾಕಿಟ್ಟುಕೊಳ್ಳಿ. ಅರ್ಧದಲ್ಲಿ ವೋಲ್ಟೇಜ್ ಕುಸಿದರೆ ಇಸಿಯು ಅಲ್ಲೇ ಮಲಗಬಹುದು.

ಮೈಲೇಜ್ ಮೂರರಲ್ಲೂ ಹೆಚ್ಚುಕಡಿಮೆ ಒಂದೇ.

ಸದ್ದು ಬೇಕೇ ಬೇಕು ಅನ್ನುವವರಿಗೆ ಓಪನ್ ಕಿಟ್ ಮೀರಿಸುವುದು ಯಾವುದೂ ಇಲ್ಲ, ಅದನ್ನು ಸುಳ್ಳು ಹೇಳಲಾರೆ. ತಿಂಗಳಿಗೊಮ್ಮೆ ಟ್ರ್ಯಾಕಿಗೆ ಹೋಗುವವರು, ಕೈಯಲ್ಲಿ ದುಡ್ಡಿರುವವರು ಕ್ಲೋಸ್ಡ್ ಬಾಕ್ಸ್ ಹಾಕಿಸಲಿ. ನಾನು ಟ್ರ್ಯಾಕ್ ನೋಡಿದ್ದು ಎರಡೇ ಸಲ. ಸರ್ವಿಸ್ಸಿಗೆ ಬಿಡುವಾಗ ಇಸಿಯುಗೆ ಕಂಪನಿ ಫೈಲ್ ವಾಪಸ್ ಹಾಕಿದರೆ ಸಾಕು, ಡಬ್ಬಿ ಬಿಚ್ಚಿ ಕಟ್ಟುವ ರಗಳೆ ಇಲ್ಲ. ನನ್ನಂಥ ಸೋಮಾರಿಗೆ ಅಷ್ಟೇ ದೊಡ್ಡ ಲಾಭ.

ಅಟ್ಟದ ಮೇಲಿನ ಪೆಟ್ಟಿಗೆ ಕೊಳ್ಳೋಕೆ ಹೋದ ವಾರ ಒಬ್ಬ ಹುಡುಗ ಬಂದಿದ್ದ. ಜೊತೆಗೆ ಬಂದ ಫ್ಲ್ಯಾಶ್ ಮಾಡುವ ಸಾಧನ ನನ್ನ ಕಾರಿಗೆ ಲಾಕ್ ಆಗಿತ್ತು, ಅದನ್ನು ಬಿಡಿಸಿ ಇಟ್ಟಿದ್ದೆ. ಪೈಪನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ, ಕಣ್ಣು ಹೊಳೆಯುತ್ತಿತ್ತು. "ಸೌಂಡ್ ಹೇಗಿದೆ ಅಣ್ಣ?" ಅಂದ. ಸೂಪರ್ ಅಂದೆ. ಆಮೇಲೆ ಒಳಗೆ ಹೋಗಿ ವರ್ನಿಯರ್ ತಂದು ಅವನ ಕೈಗೆ ಕೊಟ್ಟೆ. ಅಳತೆ ತೆಗೆದುಕೊಂಡ, ಮನೆಯಲ್ಲಿ ಕೇಳಿ ಹೇಳ್ತೀನಿ ಅಂದ. ಪೆಟ್ಟಿಗೆ ಇನ್ನೂ ಅಟ್ಟದ ಮೇಲೇ ಇದೆ.